ಮೂರನೇ ಮೇಜಿನ ಕಬ್ಬಿಣದ ಸ್ಟ್ಯಾಂಡ್

ಈಶ್ವರಯ್ಯ ಗುರಿಹಲಗೆಯ ಕೆಳಗೆ ಕುಸಿದು ಕೂತಿದ್ದರು. ಬಲಗಣ್ಣನ್ನು ಅಂಗೈಯಿಂದ ಒತ್ತಿ ಹಿಡಿದಿದ್ದರು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು.

ಅವರನ್ನು ಮೊದಲು ಕಂಡವಳು ಹೇಮಾಕ್ಷಿ. 2007ರ ನವೆಂಬರ್, ಭಾನುವಾರ, ಬೆಳಿಗ್ಗೆ ಏಳೂಕಾಲು. ವಿಜಯವಾಡದ ಭವಾನಿಪುರಂನ ಒಂದು ಸಣ್ಣ ಏರ್ ರೈಫಲ್ ಕ್ಲಬ್. ಹೇಮಾಕ್ಷಿ ದಾವಣಗೆರೆಯವಳು, ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ. ಈಶ್ವರಯ್ಯ ಅವಳ ಕೋಚ್.

"ಗುರಿಯ ಕಾರ್ಡ್ ತೆಗೆಯೋಣ ಅಂತ ಬಾಗಿದೆನಮ್ಮಾ," ಎಂದರು ಅವರು ತೆಲುಗಿನಲ್ಲಿ. "ಹಲಗೆಯ ನಂಬರ್ ತಗಡು ಕೆನ್ನೆ ಹತ್ತಿರ ಇತ್ತು. ಅಷ್ಟೇ ಗೊತ್ತು."

ಹತ್ತು ಮೀಟರ್ ಈಚೆ, ಮೂರನೇ ಮೇಜಿನ ಮೇಲೆ, ಕಬ್ಬಿಣದ ಸ್ಟ್ಯಾಂಡಿನಲ್ಲಿ ಒಂದು ರೈಫಲ್ ಕೂತಿತ್ತು. ಮೇಜಿನ ಹಿಂದೆ ಯಾರೂ ಇರಲಿಲ್ಲ.

* * *

"ರೈಫಲ್ ಯಾರದು?" ಕೋಚನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಸಬ್ ಇನ್‌ಸ್ಪೆಕ್ಟರ್ ರಾಜ್ಯಲಕ್ಷ್ಮಿ ಕೇಳಿದರು.

"ನನ್ನದೇ ಮೇಡಂ," ಎಂದ ಗುರುದತ್. ಮೈಸೂರಿನವನು, ಔಷಧ ಕಂಪನಿಯೊಂದರಲ್ಲಿ ಕೆಲಸ. "ಮೇಜಿನ ಮೇಲಿಟ್ಟು ಟೀ ಕುಡಿಯೋಕೆ ಹೋಗಿದ್ದೆ."

"ನಿನ್ನೆ ಸಂಜೆ ಕೋಚ್ ಜೊತೆ ಜಗಳ ಆಡಿದ್ದೀರಂತೆ?"

ಗುರುದತ್ ತಲೆ ತಗ್ಗಿಸಿದ. ಮುಂದಿನ ತಿಂಗಳು ವಿಶಾಖಪಟ್ಟಣದಲ್ಲಿ ಬೆಂಚ್ ಶೂಟಿಂಗ್ ಪಂದ್ಯವಿತ್ತು. ಮೇಜಿನ ಮುಂದೆ ಕೂತು, ರೈಫಲ್ಲಿಗೆ ಆಸರೆ ಕೊಟ್ಟು ಹೊಡೆಯುವ ಪಂದ್ಯ. ಕ್ಲಬ್ಬಿನಿಂದ ಒಬ್ಬರಿಗಷ್ಟೇ ಅವಕಾಶ. ತನ್ನ ಹೆಸರನ್ನೇ ಕಳಿಸಿ ಎಂದು ಅವನು ಕೋಚ್ ಮೇಲೆ ಕೂಗಾಡಿದ್ದ.

ಆ ಅವಕಾಶಕ್ಕೆ ಕಾದಿದ್ದ ಇನ್ನೊಬ್ಬ ದಕ್ಷಿಣಾಮೂರ್ತಿ. ಗವರ್ನರ್‌ಪೇಟೆಯಲ್ಲಿ ಆಟದ ಸಾಮಾನಿನ ಅಂಗಡಿ. ತಂದೆ ತುಮಕೂರಿನವರು, ಇವನು ಹುಟ್ಟಿದ್ದೇ ಇಲ್ಲಿ. ಬೆಳಿಗ್ಗೆ ಕೋಚ್ ಚೀರಿದ್ದು ಕೇಳಿ ಗೇಟಿನಿಂದ ಓಡಿಬಂದೆ ಎಂದು ಹೇಳಿದ.

ರಾಜ್ಯಲಕ್ಷ್ಮಿ ಗುರುದತ್‌ನನ್ನು ಜೀಪಿನತ್ತ ನಡೆಸಿದರು.

"ಒಂದು ನಿಮಿಷ ಮೇಡಂ," ಹೇಮಾಕ್ಷಿ ಅಡ್ಡ ಬಂದಳು. "ಆ ಸ್ಟ್ಯಾಂಡ್ ಅವನು ಇಟ್ಟಿದ್ದಲ್ಲ."

* * *

ಹದಿನೈದು ದಿನದ ಹಿಂದೆ ದಕ್ಷಿಣಾಮೂರ್ತಿ ಅಂಗಡಿಯಿಂದ ಮೂರು ಬಗೆಯ ಆಸರೆ ತಂದು ಕ್ಲಬ್ಬಿಗೆ ಕೊಟ್ಟಿದ್ದ. ಸ್ಕ್ರೂ ತಿರುಗಿಸಿ ಎತ್ತರ ಹೊಂದಿಸುವ ಕಬ್ಬಿಣದ ಸ್ಟ್ಯಾಂಡ್. ಎರಡು ಕಾಲಿನದೊಂದು. ಮರಳು ತುಂಬಿದ ಚರ್ಮದ ಚೀಲ. ಯಾರಿಗೆ ಯಾವುದು ಒಗ್ಗುತ್ತದೆ ಎಂದು ನೋಡಿ ಬರೆಯುವ ಕೆಲಸವನ್ನು ಕೋಚ್ ಹೇಮಾಕ್ಷಿಗೆ ವಹಿಸಿದ್ದರು.

ಅವಳು ನೋಟ್‌ಬುಕ್ ತೆರೆದಳು.

"ಗುರುದತ್‌ದು ಸ್ಪ್ರಿಂಗ್ ರೈಫಲ್. ಟ್ರಿಗರ್ ಎಳೆದಾಗ ಒಳಗಿನ ಸ್ಪ್ರಿಂಗ್ ಬಿಚ್ಚಿಕೊಂಡು ಇಡೀ ರೈಫಲ್ ಅದುರುತ್ತೆ. ಗಟ್ಟಿ ಕಬ್ಬಿಣದ ಮೇಲಿಟ್ಟರೆ ಎಗರುತ್ತೆ, ಗುಂಡು ಮೇಲೆ ಹೋಗುತ್ತೆ. ಮೆತ್ತನೆ ಚೀಲದ ಮೇಲೆ ಸರಿಯಾಗಿ ಬೀಳುತ್ತೆ. ಒಂದೇ ದಿನಕ್ಕೆ ಅವನು ಕಬ್ಬಿಣದ್ದನ್ನ ಕೈಬಿಟ್ಟ."

"ಒಬ್ಬ ಮನುಷ್ಯನಿಗೆ ಹೊಡೆಯೋಕೆ ಇಷ್ಟೆಲ್ಲ ಲೆಕ್ಕ ಯಾಕಮ್ಮಾ?"

"ಮನುಷ್ಯನಿಗೆ ಹೊಡೆಯೋಕೆ ಹೊರಟಿದ್ರೆ ಬೇಕಿಲ್ಲ."

ಹೇಮಾಕ್ಷಿ ಅದೇ ಸ್ಟ್ಯಾಂಡಿನಲ್ಲಿ ಅದೇ ರೈಫಲ್ ಕೂರಿಸಿದಳು. ಕಾರ್ಡಿನ ಕೆಳಗೆ ತೂಗುತ್ತಿದ್ದ ನಂಬರ್ ತಗಡಿಗೆ ಗುರಿಯಿಟ್ಟು ಮೂರು ಸಲ ಹೊಡೆದಳು. ತಗಡಿಗೆ ಒಂದೂ ತಾಗಲಿಲ್ಲ. ಮೂರೂ ಅದಕ್ಕಿಂತ ಮೂರು ಬೆರಳು ಮೇಲೆ, ಮರದಲ್ಲಿ ನಾಟಿದವು.

ರಾಜ್ಯಲಕ್ಷ್ಮಿ ಹತ್ತಿರ ಹೋಗಿ ನೋಡಿದರು. ಕೋಚ್ ಬಾಗಿದ್ದಾಗ ಅವರ ಕಣ್ಣು ಇದ್ದ ಎತ್ತರವೂ ಸುಮಾರು ಅಷ್ಟೇ.

"ಬೇರೆಯವರ ಮುಂದೆ ತಗಡಿನ ಮಾತು ಎತ್ತಬೇಡಿ," ಎಂದಳು ಹೇಮಾಕ್ಷಿ.

* * *

ಸಂಜೆ ನಾಲ್ಕಕ್ಕೆ ರಾಜ್ಯಲಕ್ಷ್ಮಿ ದಕ್ಷಿಣಾಮೂರ್ತಿಯ ಹೇಳಿಕೆ ಬರೆದುಕೊಳ್ಳುತ್ತಿದ್ದರು. ಹೇಮಾಕ್ಷಿ ಪಕ್ಕದಲ್ಲೇ ಕೂತಿದ್ದಳು.

"ನಿಮ್ಮ ರೈಫಲ್ಲಿಗೆ ಯಾವ ಆಸರೆ ಒಳ್ಳೇದು?" ರಾಜ್ಯಲಕ್ಷ್ಮಿ ಕೇಳಿದರು.

"ಕಬ್ಬಿಣದ್ದೇ ಅಂಡಿ," ಎಂದ ತೆಲುಗಿನವರ ಮರ್ಯಾದೆಯ ಮಾತು ಸೇರಿಸಿ. "ಐದು ಗುಂಡೂ ಒಂದೇ ತೂತಲ್ಲಿ ಹೋಗ್ತಾವೆ."

"ಗುರುದತ್ ರೈಫಲ್ಲಿಗೆ?"

"ಯಾವುದಕ್ಕಾದರೂ ಅದೇ. ಅಲ್ಲಾಡಲ್ಲ."

ರಾಜ್ಯಲಕ್ಷ್ಮಿ ಪೆನ್ನು ಕೆಳಗಿಟ್ಟರು. "ಕೊಲೆ ಯತ್ನದ ಕೇಸು ಹಾಕ್ತಿದ್ದೀವಿ. ಹೊಡೆದವನು ಬೇಕೆಂದೇ ಕಣ್ಣಿಗೆ ಗುರಿಯಿಟ್ಟಿದ್ದಾನೆ. ಹತ್ತು ವರ್ಷ ಜೈಲು."

ದಕ್ಷಿಣಾಮೂರ್ತಿಯ ಮುಖ ಬಿಳುಪೇರಿತು. "ಕೊಲೆ ಎಲ್ಲಿಂದ ಬಂತಂಡಿ? ಆ ನಂಬರ್ ತಗಡಿಗೆ ಹೊಡೆದದ್ದು..."

ಅವನು ಕುರ್ಚಿಯಿಂದ ಅರ್ಧ ಎದ್ದ.

"ತಗಡಿನ ಮಾತು ನಿಮಗೆ ಯಾರು ಹೇಳಿದ್ರು?" ಹೇಮಾಕ್ಷಿ ಕೇಳಿದಳು.

ಅವಳೇ ಮುಂದುವರಿಸಿದಳು.

"ಗುರಿಹಲಗೆ ಹತ್ತಿರ ಜನ ಇದ್ದಾಗ ಯಾರ ರೈಫಲ್ಲಿನಿಂದ ಗುಂಡು ಹಾರಿದ್ರೂ ಅವರನ್ನ ಕ್ಲಬ್ಬಿನಿಂದ ತೆಗೀತಾರೆ. ನಿಮಗೆ ಅಷ್ಟೇ ಬೇಕಿತ್ತು. ತಗಡು ಠಣ್ ಅನ್ನಬೇಕು, ಕೋಚ್ ಹೆದರಬೇಕು, ಗುರುದತ್ ಹೊರಗೆ ಹೋಗಬೇಕು. ನಿಮ್ಮದು ಗಾಳಿ ತುಂಬಿಸೋ ವಿದೇಶಿ ರೈಫಲ್, ಅದುರೋದೇ ಇಲ್ಲ. ಅದಕ್ಕೆ ಕಬ್ಬಿಣ ಸರಿ. ಸ್ಪ್ರಿಂಗ್ ರೈಫಲ್ ಪರೀಕ್ಷೆ ಮಾಡಿದ ದಿನ ನೀವು ಬಂದಿರಲಿಲ್ಲ. ಕಬ್ಬಿಣದ ಮೇಲೆ ಅದು ಎಗರುತ್ತೆ ಅಂತ ಕ್ಲಬ್ಬಲ್ಲಿ ಗೊತ್ತಿಲ್ಲದವರು ನೀವೊಬ್ಬರೇ."

ದಕ್ಷಿಣಾಮೂರ್ತಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಅವರು ಬಾಗ್ತಾರೆ ಅಂತ ಗೊತ್ತಿರಲಿಲ್ಲ," ಎಂದ. "ಹೊಡೆದು ಹಿಂದಿನ ಬಾಗಿಲಿಂದ ಓಡಿದೆ. ಸುತ್ತಿಕೊಂಡು ಗೇಟಿಗೆ ಬಂದೆ."

* * *

ಈಶ್ವರಯ್ಯನವರ ಬಲಗಣ್ಣು ಉಳಿಯಲಿಲ್ಲ. ಮೂರನೇ ದಿನ ಹೇಮಾಕ್ಷಿ, ಗುರುದತ್ ಆಸ್ಪತ್ರೆಗೆ ಹೋದರು. ನಡೆದದ್ದನ್ನೆಲ್ಲ ಕೋಚ್ ಕಣ್ಮುಚ್ಚಿ ಕೇಳಿದರು.

"ನಿನ್ನ ಮೇಲೆ ನನಗೆ ಕೋಪ ಇಲ್ಲ ಬಾಬು," ಎಂದರು ಗುರುದತ್‌ಗೆ. "ಆದರೆ ನೀನು ಕೂಗಾಡುವಾಗ ನಿಜ ಹೇಳೋಕೆ ಮನಸ್ಸು ಬರಲಿಲ್ಲ. ಪಂದ್ಯಕ್ಕೆ ಹೆಸರು ಅವತ್ತು ಮಧ್ಯಾಹ್ನವೇ ಅಂಚೆಗೆ ಹಾಕಿದ್ದೆ."

"ಯಾರದು ಸಾರ್?"

"ದಕ್ಷಿಣಾಮೂರ್ತಿಯದು. ಭಾನುವಾರ ಅಭ್ಯಾಸ ಮುಗಿದ ಮೇಲೆ ಹೇಳೋಣ ಅಂತಿದ್ದೆ."