ಮಡಿಕೆ ಬದಲಿಸುವ ಹೊತ್ತು

ಮಧ್ಯಾಹ್ನದ ಹೊತ್ತಿಗೆ ತೇಜಸ್ವಿನಿಯ ಕೊರಳಲ್ಲಿದ್ದ, ದಣಿವು ಅಳೆಯುವ ಪಟ್ಟಿಯ ಹಸಿರು ದೀಪ ಹಳದಿಗೆ ತಿರುಗಿತು. ಹರವುತ್ತಿದ್ದ ಸೀರೆಯನ್ನು ಅರ್ಧಕ್ಕೇ ಬಿಟ್ಟು, ಗಿರಾಕಿಗಳಿಗೆ "ಈಗ ಬಂದೆ ನೋಡ್ರಿ" ಎಂದು ಹೇಳಿ, ಅವಳು ಮೆಟ್ಟಿಲ ಕೆಳಗಿನ ಗೂಡಿನೊಳಗೆ ಹೋಗಿ ನಿಂತಳು. ಬಟ್ಟೆ ಬೀರುವಿನಷ್ಟೇ ಅಗಲದ ಗೂಡು. ಬೆನ್ನಿಗೆ ಮೆತ್ತೆಯೊಂದು ತಾನಾಗಿ ಒತ್ತಿಕೊಂಡಿತು. ಮೀನಖಂಡಗಳನ್ನು ಸುತ್ತಿದ ಪಟ್ಟಿಗಳು ಹಿಂಡತೊಡಗಿ, ಬೆಳಗಿನಿಂದ ನಿಂತು ಕಾಲಿಗಿಳಿದಿದ್ದ ರಕ್ತವನ್ನು ಮೇಲಕ್ಕೆ ನೂಕಿದವು. ಕತ್ತಿನ ಹಿಂಭಾಗಕ್ಕೆ ತಾಗಿದ ಅಯಸ್ಕಾಂತ ಅವಳ ಮಿದುಳನ್ನು ಗಾಢ ನಿದ್ರೆಯ ಅಲೆಗೆ ಎಳೆದೊಯ್ದಿತು. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಶೇಖರವಾಗುತ್ತ ದಣಿವಿನ ಅರಿವು ಕೊಡುವ ಅಡೆನೊಸಿನ್ ಎಂಬ ರಾಸಾಯನಿಕವನ್ನು ಆ ಅಲೆ ಅಂಗಳದ ಕಸದಂತೆ ಗುಡಿಸಿ ಹಾಕುತ್ತದೆ. ಮೂರು ನಿಮಿಷಕ್ಕೆ ಬಾಗಿಲು ತೆರೆಯಿತು. ದೀಪ ಮತ್ತೆ ಹಸಿರು. ತೇಜಸ್ವಿನಿ ಸೆರಗು ಸರಿಮಾಡಿಕೊಂಡು ಬಂದು, ಸೀರೆಯನ್ನು ಬಿಟ್ಟಲ್ಲಿಂದಲೇ ಹರವತೊಡಗಿದಳು.

ಇದನ್ನೆಲ್ಲ ಗಿರಾಕಿಗಳ ಗಾದಿಯ ಒಂದು ಮೂಲೆಯಲ್ಲಿ ಕುಳಿತು ನೋಡುತ್ತಿದ್ದವಳು ಡಾ. ಅಪೇಕ್ಷಾ ಬಡಿಗೇರ. ಗೂಡನ್ನು ಕಂಡುಹಿಡಿದವಳು ಅವಳೇ. ಹುಬ್ಬಳ್ಳಿಯ ಈ ಸೀರೆ ಅಂಗಡಿಯಲ್ಲಿ ಅದರ ಪರೀಕ್ಷೆ ಶುರುವಾಗಿ ವರ್ಷ ತುಂಬಿತ್ತು. ಅಂಗಡಿಗಳಲ್ಲಿ ದಿನವಿಡೀ ನಿಂತು ದುಡಿಯುವವರಿಗೆ ನಡುವೆ ಅರ್ಧ ಗಂಟೆ ಬಿಡುವು ಕೊಡಲೇಬೇಕೆಂದು ಕಾನೂನಿತ್ತು. ಪರೀಕ್ಷೆಗೆಂದು ಇಲ್ಲಿ ಮಾತ್ರ ಅದನ್ನು ತೆಗೆದು ಗೂಡಿನ ಮೂರು ನಿಮಿಷ ಕೊಟ್ಟಿದ್ದರು. ಸೋಮವಾರ ಬೆಂಗಳೂರಿನಲ್ಲಿ ಸರ್ಕಾರದ ಸಮಿತಿ ಅಪೇಕ್ಷಾಳನ್ನು ಒಂದೇ ಪ್ರಶ್ನೆ ಕೇಳಲಿತ್ತು: ಅರ್ಧ ಗಂಟೆಯ ಬದಲು ಮೂರು ನಿಮಿಷ ಸಾಕೆ? ಅವಳು ಹೂಂ ಎಂದರೆ ರಾಜ್ಯದ ಯಾವ ಅಂಗಡಿಯಲ್ಲೂ ಆ ಅರ್ಧ ಗಂಟೆ ಉಳಿಯುವುದಿಲ್ಲ. ಹೂಂ ಎನ್ನಬೇಕೆಂದುಕೊಂಡೇ ಅವಳು ಅಂಗಡಿಗೆ ಬಂದಿದ್ದಳು.

"ಒಂದ್ ವರ್ಷದಾಗ ಒಬ್ಬಾಕಿನೂ ಕಾಲು ನೋವು ಅಂದಿಲ್ಲ ನೋಡ್ರಿ ಮೇಡಂ," ಅಂಗಡಿಯ ಮಾಲೀಕ, ಕೊಪ್ಪದ ಎಂಬವ, ಅವಳ ಪಕ್ಕದಲ್ಲಿ ಬಂದು ನಿಂತು ಹೇಳಿದ. "ಮೊದ್ಲ ಸಂಜಿ ಆತಂದ್ರ ಇವರ ಮಾರಿ ಹೆಂಗಿರ್ತಿತ್ತು ಅಂತೀರಿ? ಬಾಡಿದ ಮೆಂತೆ ಪಲ್ಯೆ! ಈಗ ರಾತ್ರಿ ಹತ್ತಕ್ಕ ಬಾಗಲಾ ಹಾಕಿದ್ರೂ ಹಂಗ ಅರಳಿರ್ತಾರ."

ಮೊದಲು ಅಂಗಡಿ ಎಂಟಕ್ಕೆ ಮುಚ್ಚುತ್ತಿತ್ತು ಎಂಬುದು ಅಪೇಕ್ಷಾಳಿಗೆ ಆಗ ನೆನಪಾಯಿತು.

ಗಿರಾಕಿಗಳು ಕರಗಿದ ಮೇಲೆ ಅವಳು ಸಂಕೋಚದಿಂದಲೇ ತೇಜಸ್ವಿನಿಯ ಬಳಿ ಹೋದಳು. ಹೊಸಬರೊಡನೆ ಮಾತು ಶುರುಮಾಡುವುದು ಅವಳಿಗೆ ಯಾವಾಗಲೂ ಕಷ್ಟವೇ.

"ಖರೇ ಹೇಳ್ರಿ ಅಕ್ಕಾ. ಗೂಡು ಹೆಂಗನಸ್ತದ?"

"ಕಾಲು ನೋಯಂಗಿಲ್ರಿ. ಸುಳ್ಳ್ಯಾಕ ಹೇಳ್ಲಿ, ನಿಮಗ ಪುಣ್ಯ ಬರ್ಲಿ." ತೇಜಸ್ವಿನಿ ಒಂದು ಸೆರಗಿನ ಕುಚ್ಚು ಬಿಡಿಸುತ್ತ ನಕ್ಕಳು. "ಆದ್ರ ಒಂದ್ ಮಾತು. ಮೊದ್ಲ ಮನಿಗೆ ಹೋಗಿ ಕಟ್ಟಿ ಮ್ಯಾಲೆ ಕುಂತೆ ಅಂದ್ರ ನಮ್ಮತ್ತಿ ನನ್ನ ಮಾರಿ ನೋಡಿ ಒಂದ್ ಕಪ್ ಚಾ ತಂದ್ ಕೊಡಾಕಿ. ಬೈಕೋತನ ಕೊಡಾಕಿ, ಆದ್ರೂ ಕೊಡಾಕಿ. ಈಗ? 'ನೀ ಏನ್ ದಣದೀಯೇನ? ಗೂಡಿನ್ಯಾಗ ನಿಂತ್ ಬಂದೀ, ರೊಟ್ಟಿ ಬಡಿ ನಡಿ' ಅಂತಾಳ."

ಅಪೇಕ್ಷಾಳೂ ನಕ್ಕಳು, ಆದರೆ ನಗು ಪೂರ್ತಿ ಬರಲಿಲ್ಲ. "ಊಟ ಎಲ್ಲಿ ಮಾಡ್ತೀರಿ?"

"ಒಬ್ಬೊಬ್ರ ಹೋಗಿ ನಿಂತ್ಕೊಂಡ ನಾಕ್ ತುತ್ತು. ಮೊದ್ಲ ಮ್ಯಾಲೆ ಗೋಡೌನಿನ್ಯಾಗ ಎಲ್ಲಾರೂ ಚಾಪಿ ಹಾಸ್ಕೊಂಡ್ ಕುಂಡ್ರತಿದ್ವಿ. ಯಾರೂ ತಮ್ಮ ಡಬ್ಬಿ ತಾವ್ ಉಣ್ಣಂಗಿಲ್ಲ, ತಗದ್ ಕೂಡ್ಲೆ ಬಾಜೂದಾಕಿಗೆ ಸರಿಸಬೇಕು. ಯಾರ ಮನ್ಯಾಗ ಜಗಳ ಆಗೇತಿ, ಯಾರಿಗೆ ಮುಟ್ಟು ತಪ್ಪೇತಿ, ಎಲ್ಲಾ ಡಬ್ಬಿ ನೋಡೇ ತಿಳೀತಿತ್ತು."

ಅಷ್ಟರಲ್ಲಿ ಮದುವೆಯ ಸೀರೆ ಕೊಳ್ಳಲು ಒಂದು ಗುಂಪು ಬಂತು. ನಡುವೆ ನಾಚಿಕೊಂಡ ಮದುಮಗಳು, ಪಕ್ಕದಲ್ಲಿ ಅವಳ ತಾಯಿ. ತೇಜಸ್ವಿನಿ ಮೇಲಿನ ಅಡಕಲಿನಿಂದ ಕುಂಕುಮ ಬಣ್ಣದ ಭಾರೀ ರೇಷ್ಮೆಯೊಂದನ್ನು ಇಳಿಸಿದಳು. ಸೆರಗಿನ ತುದಿ ಹಿಡಿದು, ಬಲ್ಲವರ ಕೈಚಳಕದಲ್ಲಿ ಒಮ್ಮೆಲೇ ಜಾಡಿಸಿ ಹರವಿದಳು. ಒಣಗಿದ ಎಲೆ ಮುರಿದಂತೆ ಸದ್ದಾಯಿತು. ಮಡಿಕೆಯ ಗೆರೆಯುದ್ದಕ್ಕೂ ಸೀರೆ ಸೀಳಿ, ಸೀಳಿನಾಚೆ ಟ್ಯೂಬ್‌ಲೈಟಿನ ಬೆಳಕು ಕಂಡಿತು.

"ಯವ್ವಾ, ಮದವಿ ಸೀರಿ ಹರೀತಲ್ಲಽ!" ತಾಯಿ ಮಗಳ ಕೈ ಹಿಡಿದೆಳೆದುಕೊಂಡು ಹೊರಗೇ ನಡೆದಳು. ಉಳಿದವರೂ ಹಿಂದೆ ಹೋದರು.

ಕೊಪ್ಪದ ಓಡಿಬಂದು ಅದೇ ಅಡಕಲಿನ ಇನ್ನೊಂದು ಸೀರೆ ಬಿಚ್ಚಿದ. ಅದೂ ಸೀಳಿತ್ತು. ಮತ್ತೊಂದೂ. ಹೊರಗಿನಿಂದ ನೋಡಿದರೆ ಎಲ್ಲವೂ ಹೊಚ್ಚ ಹೊಸತು.

"ಮಡಿಕಿ ಬದ್ಲಿ ಮಾಡಿಲ್ಲೇನು? ನಮ್ಮಪ್ಪನ ಕಾಲದಿಂದ ನಡ್ಕೊಂಡ್ ಬಂದದ್ದು! ಕಣ್ಣೇನ್ ಕುರುಡಾಗ್ಯಾವು?"

ರೇಷ್ಮೆ ಬಹಳ ದಿನ ಒಂದೇ ಮಡಿಕೆಯಲ್ಲಿದ್ದರೆ ಅದೇ ಗೆರೆಯಲ್ಲಿ ಎಳೆ ಸೋತು, ಜರಿ ಮುರಿಯುತ್ತದೆ. ಅದಕ್ಕೇ ಆಗಾಗ ಸೀರೆ ಬಿಚ್ಚಿ, ಬೇರೆ ಗೆರೆಗೆ ಮಡಚಿ ಇಡಬೇಕು. ಸೀರೆ ವ್ಯಾಪಾರದವರಿಗೆಲ್ಲ ಗೊತ್ತಿರುವ ಮಾತು.

"ಯಾವಾಗ ಮಾಡೂಣ್ರಿ ಸಾವ್ಕಾರ್ರ?" ತೇಜಸ್ವಿನಿ ಕೇಳಿದಳು.

"ಮೊದ್ಲ ಯಾವಾಗ ಮಾಡ್ತಿದ್ರಿ?" ಎಂದ ಕೊಪ್ಪದ.

"ಉಂಡ ಮ್ಯಾಲೆ. ಅರ್ಧ ತಾಸಿನ್ಯಾಗ ಉಳದ ಹೊತ್ತಿನ್ಯಾಗ. ತೊಡಿ ಮ್ಯಾಲೆ ಒಂದೊಂದ್ ಸೀರಿ ಹಾಕ್ಕೊಂಡು ಮಾತಾಡ್ಕೋತ ಕುಂಡ್ರತಿದ್ವಿ. ಕೈ ತಾವ ಮಾಡ್ತಿದ್ವು."

"ನಿಮಗ ಮಾಡ್ರಿ ಅಂದವರ್ ಯಾರು?"

"ಯಾರೂ ಅಂದಿರ್ಲಿಲ್ರಿ."

ಅಪೇಕ್ಷಾ ಆ ಸೀಳನ್ನೇ ನೋಡುತ್ತಿದ್ದಳು. ಡಬ್ಬಿಯ ಮಾತು ಕೇಳಿದಾಗಿನಿಂದ ಹೂಂ ಎನ್ನಲು ಅಳುಕುತ್ತಿದ್ದ ಮನಸ್ಸು ಹಗುರಾಯಿತು. ಸಮಿತಿಯ ಮುಂದೆ ಈ ಸೀರೆಯನ್ನೇ ಹರವಿಬಿಡಬಹುದು. ಅರ್ಧ ಗಂಟೆ ತೆಗೆದರೆ ಅಂಗಡಿಗೇ ನಷ್ಟ ಎಂದು ತೋರಿಸಬಹುದು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಕೊಪ್ಪದನ ಮುಖವೂ ಸಡಿಲಾಯಿತು. "ಅಷ್ಟಽ ಹೌದಿಲ್ಲೋ? ಹಂಗಾರ ನಾಳಿಂದ ಅರ್ಧ ತಾಸು ವಾಪಸ್ ಕೊಟ್ಟೆ. ಎಲ್ಲಾರೂ ಮ್ಯಾಲೆ ಹೋಗ್ರಿ, ಟೇಬಲ್ ಹಾಕಸ್ತೀನಿ, ಬರೇ ಮಡಿಕಿ ಬದ್ಲಿ ಮಾಡ್ರಿ. ಊಟ ಈಗ ಹೆಂಗ ಮಾಡ್ತೀರಿ ಹಂಗಽ."

"ಮತ್ತ ಕುಂಡ್ರೂದು?"

"ಕುಂಡ್ರೂದ್ಯಾಕವಾ?" ಕೊಪ್ಪದನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. ಅವಳ ಕೊರಳ ಕಡೆ ಬೆರಳು ತೋರಿಸಿದ. "ದೀಪ ಹಸರಽ ಐತೆಲ್ಲ!"

ತೇಜಸ್ವಿನಿ ತಲೆ ತಗ್ಗಿಸಿ ಹರಿದ ಸೀರೆಯನ್ನು ಮಡಚತೊಡಗಿದಳು. ಇನ್ನು ಬದಲಿಸಿ ಫಲವಿಲ್ಲದಿದ್ದರೂ ಕೈ ಬೇರೆ ಗೆರೆಗೇ ಮಡಚಿತು.

ಅಪೇಕ್ಷಾ ಮನೆಗೆ ಬಂದಾಗ ತಾಯಿ ಶಶಿಕಲಾ ಹೊರಗೆ ಕುಳಿತು ಅಕ್ಕಿ ಆರಿಸುತ್ತಿದ್ದರು. ಪ್ರಾಯದಲ್ಲಿ ಅವರೂ ಬಟ್ಟೆ ಅಂಗಡಿಯಲ್ಲಿ ನಿಂತು ದುಡಿದವರು. ಮೊಣಕಾಲ ಕೆಳಗೆ ರಕ್ತನಾಳಗಳು ಹುರಿಹಗ್ಗದಂತೆ ಉಬ್ಬಿ ನೀಲಿಗಟ್ಟಿದ್ದವು. ಆ ಕಾಲುಗಳನ್ನು ನೋಡುತ್ತಲೇ ಬೆಳೆದವಳು ಅಪೇಕ್ಷಾ. ಗೂಡಿನ ಮೊದಲ ನಕ್ಷೆಯಲ್ಲಿ ಮೀನಖಂಡದ ಪಟ್ಟಿಯ ಅಳತೆ ತೆಗೆದದ್ದೂ ಅವಕ್ಕೇ.

ಅಂಗಡಿಯಲ್ಲಿ ಆದದ್ದನ್ನೆಲ್ಲ ಹೇಳಿ, "ಏನು ಹೇಳಬೇಕೋ ತಿಳೀವಲ್ದು ಅವ್ವಾ," ಎಂದಳು.

"ನಾವ್ ಆವಾಗ ಒಂದ್ ಸ್ಟೂಲ್ ಕೇಳಿದ್ವಿ," ಶಶಿಕಲಾ ಮೊರದಿಂದ ಕಣ್ಣೆತ್ತಲಿಲ್ಲ. "ಗಿರಾಕಿ ಇಲ್ಲದಾಗ ಕುಂಡ್ರಾಕ. ಯಾಕ ಬೇಕು ಅಂದ್ರು. ಕಾಲು ನೋಯ್ತಾವ್ರಿ ಅಂದ್ವಿ. ಅವತ್ತಽ ತಪ್ಪಿದ್ವಿ ನೋಡು. ಎಲ್ಲಾರಿಗೂ ಒಂದೊಂದ್ ಡಬ್ಬಿ ಮುಲಾಮು ಕೊಟ್ರು. ಸ್ಟೂಲ್ ಕೊಡ್ಲಿಲ್ಲ."

ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದರು.

"ನೀ ಭಾಳ ಶಾಣ್ಯಾಕಿ. ದೊಡ್ಡ ಮುಲಾಮು ಮಾಡಿದಿ."

ಸೋಮವಾರ ಸಮಿತಿಯ ಕೋಣೆ ತಣ್ಣಗಿತ್ತು. ಅಧ್ಯಕ್ಷರು ಸೌಜನ್ಯದಿಂದಲೇ ಕೇಳಿದರು. ಅಪೇಕ್ಷಾ ಹರಿದ ಸೀರೆಯನ್ನು ತಂದಿರಲಿಲ್ಲ. ಅದು ಸೀರೆಗಳಿಗೆ ಅರ್ಧ ಗಂಟೆ ಕೊಡಿಸುತ್ತಿತ್ತು, ನಿಂತು ದುಡಿಯುವವರಿಗಲ್ಲ.

"ಮೂರು ನಿಮಿಷಕ್ಕೆ ದಣಿವು ಹೋಗುತ್ತದೆ ಸರ್. ಅದು ನಿಜ. ಆದರೆ ಅರ್ಧ ಗಂಟೆಯನ್ನು ತೆಗೆಯಬೇಡಿ."

"ಕಾರಣ?"

"ಅದು ಅವರದು."

ಸದಸ್ಯರೊಬ್ಬರು ಕೆಮ್ಮಿದರು. ಅಧ್ಯಕ್ಷರು ಕನ್ನಡಕ ತೆಗೆದಿಟ್ಟರು. "ಡಾಕ್ಟ್ರೇ, ದಣಿವೇ ಇಲ್ಲದವರಿಗೆ ಬಿಡುವು ಯಾಕೆ ಅಂತ ಅಂಗಡಿಯವರು ನನ್ನನ್ನ ಕೇಳ್ತಾರೆ. ನಾನು ಅವರಿಗೆ ಏನು ತೋರಿಸ್ಲಿ? ಅಳತೆ ಏನಾದ್ರೂ ಇದೆಯಾ?"

ದಣಿವಿಗೆ ಅವಳ ಬಳಿ ನೂರಾರು ಅಳತೆಗಳಿದ್ದವು. ಪಕ್ಕದವಳತ್ತ ಸರಿಸಿದ ಡಬ್ಬಿಗೆ, ಬೈದುಕೊಂಡೇ ಕೊಟ್ಟ ಚಹಾಕ್ಕೆ ಒಂದೂ ಇರಲಿಲ್ಲ.

"ಇಲ್ಲ ಸರ್," ಎಂದಳು. "ಕುಳಿತುಕೊಳ್ಳಬೇಕಾದರೆ ಮೊದಲು ದಣಿದದ್ದನ್ನು ತೋರಿಸಬೇಕು ಎಂದು ನನ್ನ ಯಂತ್ರ ಎಲ್ಲರಿಗೂ ಕಲಿಸಿತು. ಅದಕ್ಕೆ ಮೊದಲೂ ಜನ ಹಾಗೇ ಅಂದುಕೊಂಡಿದ್ದರು. ನಾನು ಅದಕ್ಕೊಂದು ದೀಪ ಹಚ್ಚಿಕೊಟ್ಟೆ, ಅಷ್ಟೆ."

"ನಿಮ್ಮ ಅಭಿಪ್ರಾಯ ಗಮನಕ್ಕೆ ಬಂದಿದೆ," ಎಂದರು ಅಧ್ಯಕ್ಷರು. ಅರ್ಧ ಗಂಟೆ ಹೋಯಿತೆಂದು ಅವಳಿಗೆ ತಿಳಿಯಿತು.

ಹೊರಡಲು ಎದ್ದಾಗ ಬಾಗಿಲ ಬಳಿ ಚಹಾದ ಟ್ರೇ ಹಿಡಿದ ಹೆಂಗಸು ಕಂಡಳು. ಬೆಳಗಿನಿಂದ ಅಲ್ಲೇ ನಿಂತಿದ್ದಳು. ಅವಳ ಬೆನ್ನ ಹಿಂದೆ ಗೋಡೆಯುದ್ದಕ್ಕೂ ಖಾಲಿ ಕುರ್ಚಿಗಳ ಸಾಲು.

"ಕೂತ್ಕೊಳ್ಳಿ ಅಕ್ಕಾ," ಎಂದಳು ಅಪೇಕ್ಷಾ.

ಹೆಂಗಸು ಕುರ್ಚಿಯತ್ತ ನೋಡಿದಳು, ಆಮೇಲೆ ಅಧ್ಯಕ್ಷರತ್ತ. ಸಮಿತಿಯವರು ನೋಡಲೆಂದು ಬೆಳಗ್ಗೆ ತನ್ನ ಕೊರಳಿಗೆ ಕಟ್ಟಿಸಿದ್ದ ಪಟ್ಟಿಯ ದೀಪವನ್ನು ಬೆರಳಿಂದ ಮುಟ್ಟಿ ತೋರಿಸಿ ನಕ್ಕಳು.

"ಬೇಡ ಮೇಡಂ. ಹಸಿರೇ ಇದೆ ನೋಡಿ."

ಸಾಧಾರಣ ಮರದ ಕುರ್ಚಿ, ನಾಲ್ಕು ಕಾಲಿನದು. ಅವ್ವನ ಕಾಲದ ಅಂಗಡಿಗಳಲ್ಲೂ ಅಂಥವಿದ್ದವು. ಅದನ್ನು ಯಾರೂ ಹೊಸದಾಗಿ ಕಂಡುಹಿಡಿಯಬೇಕಾಗಿರಲಿಲ್ಲ.