ತೊಟ್ಟಿಲು ತೂಗುವ ಸರದಿ

ಬಹಳ ಬಹಳ ಹಿಂದೆ, ಬೆಟ್ಟಗಳ ಆಚೆ, ತುಂಬೆನಾಡು ಅಂತ ಒಂದು ರಾಜ್ಯವಿತ್ತು. ಅಲ್ಲಿ ದೊರೆಯ ತಲೆ ಬೆಳ್ಳಗೆ, ಮಂತ್ರಿಯ ತಲೆ ಬೆಳ್ಳಗೆ, ಸೇನಾಪತಿಯ ತಲೆಯೂ ಬೆಳ್ಳಗೆ. ಕಳ್ಳನಿಗೂ ವಯಸ್ಸಾಗಿತ್ತು ಅನ್ನಿ. ಕಾವಲುಗಾರನೇ ಅವನನ್ನು ಎತ್ತಿ ಗೋಡೆ ಹತ್ತಿಸಬೇಕಿತ್ತು! ಮಕ್ಕಳು ಮಾತ್ರ ಹುಟ್ಟುತ್ತಿರಲಿಲ್ಲ.

ಮೊದಲು ಹೀಗಿರಲಿಲ್ಲ. ಯಾರ ಮನೆಯಲ್ಲಿ ಮಗು ಹುಟ್ಟಿದರೂ ಬೀದಿಯ ಅಜ್ಜ ಅಜ್ಜಿಯರು ಸರದಿಯ ಮೇಲೆ ಬಂದು ತೊಟ್ಟಿಲು ತೂಗಬೇಕು, ಬಾಣಂತಿ ನಿದ್ದೆ ಮಾಡಬೇಕು. ಅದು ಅಲ್ಲಿಯ ಪದ್ಧತಿ. ಒಂದು ದಿನ ಹೊಗೆಮೀಸೆಯ ಮಾಯಾವಿಯೊಬ್ಬ ಬಂದು, ತಾನಾಗಿಯೇ ತೂಗುವ ತೊಟ್ಟಿಲುಗಳನ್ನು ಮನೆಮನೆಗೆ ಹಂಚಿದ. "ಮುದುಕರಿಗೇಕೆ ತೊಂದರೆ? ಸುಮ್ಮನೆ ಕೂತಿರಲಿ" ಅಂದ. ಎಲ್ಲರೂ ಹಿಗ್ಗಿದರು, ಸರದಿ ನಿಂತಿತು. ತೊಟ್ಟಿಲೇನೋ ತೂಗಿತು, ಅಳುವ ಮಗುವನ್ನು ಎತ್ತಿಕೊಳ್ಳುವವರು ಯಾರು? ತಾಯಿಯೊಬ್ಬಳೇ. ಅವಳ ಬಾಡಿದ ಮುಖ ನೋಡಿ ಪಕ್ಕದ ಮನೆಯವಳು "ನನಗೆ ಮಗು ಬೇಡಮ್ಮ" ಅಂದಳು. ಅವಳನ್ನು ನೋಡಿ ಇನ್ನೊಬ್ಬಳು. ಕೂತ ಮುದುಕರು ಕೂತಲ್ಲೇ ಸೊರಗಿದರು.

ಕೊನೆಗೆ ಇಡೀ ನಾಡಿಗೆ ಬಸುರಿ ಅಂದರೆ ನೇಕಾರರ ಸಿಂಗಾರಿ ಒಬ್ಬಳೇ. ಅವಳೂ ಹೆದರಿ, ಗಂಡನ ತಲೆಯ ಮೇಲೆ ಗಂಟು ಹೊರಿಸಿ, ಬೇರೆ ರಾಜ್ಯಕ್ಕೆ ಹೊರಟಳು.

ಮನೆ ಬಾಗಿಲಲ್ಲೇ ಮಂತ್ರಿ ಅಡ್ಡ ಬಂದ. "ಚಿನ್ನದ ತೊಟ್ಟಿಲು ಕೊಡುತ್ತೇವೆ, ಇರಮ್ಮ."

"ಚಿನ್ನ ಮಗುವನ್ನು ಎತ್ತಿಕೊಳ್ಳುತ್ತದಾ ಸ್ವಾಮಿ?" ಅಂದಳು, ನಡೆದಳು.

ಕೋಟೆ ಬಾಗಿಲಲ್ಲಿ ಸೇನಾಪತಿ ಕತ್ತಿ ಹಿರಿದ. "ರಾಜಾಜ್ಞೆ! ಹೋಗಕೂಡದು!" ಅಷ್ಟಕ್ಕೇ ಪಾಪ, ಏದುಸಿರು ಬಂತು. ಸಿಂಗಾರಿ ಅವನನ್ನು ಕೂರಿಸಿ, ನೀರು ಕುಡಿಸಿ, "ಆಜ್ಞೆ ಮಗುವನ್ನು ಎತ್ತಿಕೊಳ್ಳುತ್ತದಾ ಅಜ್ಜ?" ಅಂದಳು, ನಡೆದಳು.

ಗಡಿಯ ಹೊಳೆಯ ಹತ್ತಿರ ದೊರೆ ಚೆನ್ನವರ್ಮನೇ ಕೋಲೂರಿಕೊಂಡು ನಿಂತಿದ್ದ. "ನೀನೂ ಹೋದರೆ ಈ ನಾಡು ನಮ್ಮ ಜೊತೆಗೇ ಮುಗಿಯಿತು ಮಗಳೇ. ನಿನಗೇನು ಬೇಕು, ಹೇಳು."

ಇದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಸಿಂಗಾರಿಗೆ ಅಳು ಬಂತು. "ಒಬ್ಬಳೇ ಆಗಿಬಿಡ್ತೀನಿ ಅಂತ ಭಯ, ದೊರೆಯೇ."

"ಮೊದಲ ಸರದಿ ನನ್ನದು" ಅಂದ ದೊರೆ.

ತಟ್ಟನೆ ಹೊಳೆಯಿಂದ ಮಾಯಾವಿ ಹುಲಿಯಾಗಿ ನೆಗೆದ. ಸುಮ್ಮನೆ ಕೂತ ಕೈಗಳ ಬಲವೆಲ್ಲ ಇಷ್ಟು ವರ್ಷ ಅವನಿಗೇ ಸೇರುತ್ತಿತ್ತು. "ಆ ನಡುಗುವ ಕೈಯಲ್ಲಿ ಮಗುವನ್ನು ಎತ್ತಿಕೊಳ್ಳುತ್ತೀಯಾ?" ಅಂತ ಗರ್ಜಿಸಿದ.

"ಕೂತುಕೊಂಡು ಎತ್ತಿಕೊಳ್ಳುತ್ತೇನೆ" ಅಂದ ದೊರೆ. ಹುಲಿ ನಾಯಿಯಷ್ಟಾಯಿತು.

"ಎರಡನೆಯದು ನನ್ನದು!" ಹಿಂದಿನಿಂದ ಏದುತ್ತ ಬಂದ ಸೇನಾಪತಿ ಕೂಗಿದ. ಹುಲಿ ಬೆಕ್ಕಿನಷ್ಟಾಯಿತು.

"ಮೂರನೆಯದು ನನ್ನದು!" ಮಂತ್ರಿಯೂ ಬಂದು ಕೂಗಿದ. ಹುಲಿ ಇಲಿಯಷ್ಟಾಗಿ, ನೀರಿಗೆ ಬಿದ್ದು ಕೊಚ್ಚಿಹೋಯಿತು.

ಸಿಂಗಾರಿ ಮನೆಗೆ ಮರಳಿದಳು, ಹೆಣ್ಣು ಮಗು ಹೆತ್ತಳು. ದೊರೆ ತೂಗುತ್ತ ತೂಗುತ್ತ ತಾನೇ ಗೊರಕೆ ಹೊಡೆದ. ನಾಡಿನ ತಲೆಗಳೇನೂ ಮತ್ತೆ ಕಪ್ಪಾಗಲಿಲ್ಲ ಬಿಡಿ. ಮಕ್ಕಳು ಅಲ್ಲೊಂದು ಇಲ್ಲೊಂದು ಹುಟ್ಟಿದವು. ಆದರೆ ಯಾವ ಮನೆಯಲ್ಲೂ ಯಾರೂ ಒಂಟಿಯಾಗಿರಲಿಲ್ಲ, ಎಲ್ಲರೂ ನೆಮ್ಮದಿಯಾಗಿದ್ದರು.

ವರ್ಷಗಳು ಕಳೆದು ದೊರೆ ಹಾಸಿಗೆ ಹಿಡಿದ. ಒಂದು ಬೆಳಿಗ್ಗೆ ಸಿಂಗಾರಿಯ ಮಗಳು ಗಂಜಿಯ ಬಟ್ಟಲು ಹಿಡಿದು ಬಂದು ಪಕ್ಕದಲ್ಲಿ ಕೂತಳು.

"ಬಾಯಿ ತೆಗಿ ಅಜ್ಜ. ಇವತ್ತು ನನ್ನ ಸರದಿ."