ಬಟ್ಟೆಯ ಮೇಲೆ ಉಳಿದ ತರಿ

“ಪುಡಿ ಸೋಸಿದಾಗ ಬಟ್ಟೆ ಮೇಲೆ ಉಳಿದ ತರೀನ ಮತ್ತೆ ಕುಟ್ಟಬೇಡಮ್ಮ. ಆ ಕರಿ ಮಡಕೇಲಿರೋದನ್ನಂತೂ ಮುಟ್ಟಲೂಬೇಡ,” ಎಂದು ಅತ್ತೆ ಹೇಳಿದಾಗ ಸೊಸೆ ಆಚೆ ಮುಖ ತಿರುಗಿಸಿ ನಕ್ಕಳು. ನಗದೆ ಇನ್ನೇನು ಮಾಡಿಯಾಳು? ಮಾತ್ರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಆರು ವರ್ಷ ದುಡಿದವಳು. ಅತ್ತೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರಿಂದ ಬೇರುನಾರಿನ ಪುಡಿ ಮಾಡುವ ಈ ಅಂಗಡಿ ಅವಳ ತಲೆಗೆ ಬಂದಿತ್ತು. ಗಂಡ ಹೊಸ ಬೇರು ತರಲು ಹೋಗಿ ವಾರವಾಗಿತ್ತು.

ಅಂಗಡಿಯ ಹಿಂದಿನ ಪುಡಿಕೋಣೆಯ ಕಿಟಕಿ ಎಂದೂ ತೆಗೆಯುವಂತಿರಲಿಲ್ಲ, ತೆಗೆದರೆ ಗಾಳಿಗೆ ಪುಡಿಯೆಲ್ಲ ಹಾರಿಹೋಗುತ್ತದೆ. ಹೀಗಾಗಿ ಮಟಮಟ ಮಧ್ಯಾಹ್ನವೂ ಅಲ್ಲಿ ಕತ್ತಲೆ. ಕೆಮ್ಮಿಗೆ ಹಿಪ್ಪಲಿ, ಕಟ್ಟಿದ ಗಂಟಲಿಗೆ ಜೇಷ್ಠಮಧು, ಹೊಟ್ಟೆಯುಬ್ಬರಕ್ಕೆ ಓಮ, ಮಾತು ತಡವಾದ ಮಕ್ಕಳ ನಾಲಿಗೆಗೆ ಬಜೆ, ಎಲ್ಲದರ ವಾಸನೆಯೂ ಗೋಡೆಗೆ ಹತ್ತಿಬಿಟ್ಟಿತ್ತು. ಮೊದಲು ಬಜೆಯ ಘಾಟು ಮೂಗಿಗೆ ಹೊಡೆಯುತ್ತಿತ್ತು, ಅದರ ಬೆನ್ನಿಗೇ ಜೇಷ್ಠಮಧುವಿನ ಸಿಹಿ ಗಂಟಲಿಗೆ ಅಂಟಿಕೊಳ್ಳುತ್ತಿತ್ತು.

“ಯಾಕತ್ತೆ, ಮಡಕೇಲಿ ಹಾವಿದೆಯಾ?”

ಅತ್ತೆ ನಗಲಿಲ್ಲ. “ಆಗದವರು ಮಾಟ ಮಾಡಿಸಿ ಬಾಯಿ ಕಟ್ಟಿಸಿರ್ತಾರಲ್ಲ, ಅಂಥವರು ನನ್ನ ಹತ್ರ ಬರ್ತಾರೆ. ಅವರ ಉಸಿರು ತಾಗಿಸಿದ ಬಟ್ಟೇಲಿ ಬಜೆ ಪುಡಿ ಸೋಸ್ತೀನಿ. ನಯವಾದ್ದು ಅವರ ನಾಲಿಗೆಗೆ. ಕಟ್ಟು ತರೀಲಿ ನಿಲ್ಲತ್ತೆ. ತಿಂಗಳಿಗೊಂದು ಸಲ ಆಳವಾಗಿ ಹೂಳ್ತಿದ್ದೆ. ಈ ಕೈ ಹೀಗಾಗಿ ಅಷ್ಟೂ ಉಳಿದುಬಿಟ್ಟಿದೆ.”

“ಸರಿ ಬಿಡಿ,” ಎಂದಳು ಸೊಸೆ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು.

ಅವಳ ಐದು ವರ್ಷದ ಮಗಳನ್ನು ಎಲ್ಲರೂ ಗಿಣಿ ಎಂದೇ ಕರೆಯುತ್ತಿದ್ದರು. ಎದ್ದಾಗಿನಿಂದ ಮಲಗುವವರೆಗೆ ಆ ಬಾಯಿಗೆ ಬಿಡುವಿರಲಿಲ್ಲ. ಇರುವೆ ಸಿಕ್ಕರೆ ಇರುವೆಯ ಯೋಗಕ್ಷೇಮವನ್ನೂ ವಿಚಾರಿಸುವ ಮಗು. ಎರಡು ದಿನದಿಂದ ನೆಗಡಿ ಹಿಡಿದು ಮೂಗು ಪೂರ್ತಿ ಕಟ್ಟಿಹೋಗಿತ್ತು. ಕೆಮ್ಮು ಬೇರೆ. ಮೂರನೆಯ ದಿನ ಮಧ್ಯಾಹ್ನ, ಅತ್ತೆ ಕೈಯ ಪಟ್ಟಿ ಬದಲಿಸಲು ಡಾಕ್ಟರ ಹತ್ತಿರ ಹೋದಾಗ, ಕೆಮ್ಮಿ ಕೆಮ್ಮಿ ಮಗುವಿನ ಕಣ್ಣು ಕೆಂಪಾಯಿತು. ಡಬ್ಬಿಗಳಲ್ಲಿ ತಡಕಿದರೆ ಹಿಪ್ಪಲಿ ಇಲ್ಲ, ಜೇಷ್ಠಮಧು ಇಲ್ಲ, ಬಜೆಯೂ ಇಲ್ಲ. ಎಲ್ಲ ಖಾಲಿ.

ಕರಿ ಮಡಕೆ ಮಾತ್ರ ತುಂಬಿತ್ತು.

ತರಿಯೆಂದರೇನು, ಬರೀ ನಾರು. ಕುಟ್ಟಾಣಿಗೆ ಜಗ್ಗದ್ದು ಮಿಕ್ಸಿಗೆ ಜಗ್ಗುತ್ತದೆ. ಹಾಗೆಂದುಕೊಂಡು, ಪುಣ್ಯಾತ್ಗಿತ್ತಿ, ಮೂರು ಹಿಡಿ ಬಾಚಿ ಮಿಕ್ಸಿಗೆ ಸುರಿದು ಗುಂಡಿ ಒತ್ತಿದಳು. ಮಿಕ್ಸಿ ಗರ್ರೆಂದಿತು. ಆಮೇಲೆ ಆ ಸದ್ದು ಸಣ್ಣಗಾಗುತ್ತ ಬಂತು. ಆಮೇಲೆ ನಿಂತೇಹೋಯಿತು. ಮಿಕ್ಸಿ ಮಾತ್ರ ತಿರುಗುತ್ತಲೇ ಇತ್ತು, ಕೈಗೆ ಅದರ ನಡುಕ ಗೊತ್ತಾಗುತ್ತಿತ್ತು. ಪುಡಿ ಹೋಗಿ ಕಿವಿ ಕಟ್ಟಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮಿಕ್ಸಿ ಆರಿಸಿ, ಒಂದು ಚಿಟಿಕೆ ಪುಡಿಯನ್ನು ಜೇನಿನಲ್ಲಿ ಕಲಸಿ ನೆಕ್ಕಿಸಿದಳು. ಕೆಮ್ಮು ತಟ್ಟನೆ ನಿಂತಿತು. ಅವಳಿಗೆ ಗೆದ್ದಷ್ಟು ಖುಷಿ.

“ಅಮ್ಮ, ಇದ್ಯಾಕೆ ಇಷ್ಟು ತಣ್ಣ...”

ಮಾತು ಅಲ್ಲಿಗೇ ನಿಂತಿತು. ತುಟಿಗಳು ಮುಚ್ಚಿದವು. ಮಗು ತೆಗೆಯಲು ನೋಡಿತು, ಆಗಲಿಲ್ಲ. ಬೆರಳು ಹಾಕಿ ಎಳೆಯಿತು. ತಾಯಿ ಬಗ್ಗಿ ನೋಡಿದಳು. ತುಟಿಗಳ ನಡುವಿನ ಗೆರೆಯೇ ಕಾಣುತ್ತಿರಲಿಲ್ಲ. ಮೂಗಿನಲ್ಲಿ ಉಸಿರಿಗೆ ದಾರಿಯಿರಲಿಲ್ಲ. ಎದೆ ಏರಿತು, ಇಳಿಯಲಿಲ್ಲ.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಮಿಕ್ಸಿಯನ್ನು ನೋಡಿದರು, ಮಗುವನ್ನು ನೋಡಿದರು, ಓಡಿಬಂದು ಅದರ ತುಟಿ ಮುಟ್ಟಿದರು.

“ಕೊಟ್ಟುಬಿಟ್ಟೆಯಾ?”

“ನಿಮ್ಮ ಕಾಲು ಹಿಡ್ಕೋತೀನಿ ಅತ್ತೆ. ಬಿಚ್ಚೋ ದಾರಿ ಹೇಳಿ.”

“ಪುಡಿ ಮಾಡಿದವರೇ ಉಳಿದ ಪುಡೀನೆಲ್ಲ ನುಂಗಬೇಕು. ಕಟ್ಟು ನಿನಗೆ ಬರತ್ತೆ.” ಅತ್ತೆ ಎಡಗೈಯಲ್ಲಿ ಮಗುವಿನ ಬೆನ್ನು ತಿಕ್ಕಿದರು. “ಮಗೂಗೆ ಏನು ವಾಪಸ್ ಬರತ್ತೋ ನಂಗೊತ್ತಿಲ್ಲ. ಹೀಗೆ ಯಾರೂ ಮಾಡಿಲ್ಲ.”

ಅವಳು ಮುಂದಿನದನ್ನು ಕೇಳಲಿಲ್ಲ. ಮಿಕ್ಸಿಗೆ ಕೈ ಹಾಕಿದಳು. ಹಿಡಿ ಪುಡಿ ಬಾಯಿಗೆ. ಮಣ್ಣಿನ ರುಚಿ. ಬೇರೆಯವರ ಎಂಜಲಿನ ವಾಸನೆ. ವಾಂತಿ ಬಂತು, ನುಂಗಿದಳು. ಇನ್ನೊಂದು ಹಿಡಿ. ಮಗುವಿನ ಮುಖ ನೀಲಿಯಾಗಿತ್ತು. ಇನ್ನೊಂದು. ತಳ ಕೆರೆದಳು. ಬೆರಳು ನೆಕ್ಕಿದಳು. ನಾಲಿಗೆ ಮರಗಟ್ಟಿತು. ದವಡೆ ಬಿಗಿಯಿತು. ತುಟಿಗೆ ತುಟಿ ಹತ್ತಿತು. ತಾನು ಕಿರುಚುತ್ತಿದ್ದೇನೆ ಎಂದು ಅವಳಿಗೆ ಗೊತ್ತಾಗುತ್ತಿತ್ತು, ಕೇಳುತ್ತಿರಲಿಲ್ಲ.

ಮಗುವಿನ ಬಾಯಿ ತೆರೆಯಿತು. ಗೊರ್ರೆಂದು ಉಸಿರು ಒಳಗೆ ಹೋಯಿತು. ಮುಖಕ್ಕೆ ರಕ್ತ ಬಂತು. ಬದುಕಿತು. ತಾಯಿ ಬಾಚಿ ಎದೆಗೆ ಅವುಚಿಕೊಂಡಳು. ಸದ್ಯ, ಮಗು ಉಳಿಯಿತು, ಅಷ್ಟು ಸಾಕು ಎಂದು ಅವಳ ಜೀವ ಹೇಳಿತು.

“ಅಮ್ಮ,” ಎಂದಿತು ಮಗು.

ಅತ್ತೆ ಬೆಚ್ಚಿ ಹಿಂದೆ ಸರಿದರು. ಅದು ಗಿಣಿಯ ದನಿಯಲ್ಲ. ಮೂವತ್ತು ದಾಟಿದ ಹೆಂಗಸಿನದು, ತುಸು ಒಡಕು. ಆ ಒಡಕು ಯಾರದೆಂದು ಮನೆಯವರಿಗೆಲ್ಲ ಗೊತ್ತು. ಸೊಸೆಯದು.

“ಅಮ್ಮ, ಮಾತಾಡು. ಯಾಕಮ್ಮ ಸುಮ್ನಿದ್ದೀಯ?” ತನ್ನ ಬಾಯಿಂದ ಬಂದದ್ದನ್ನು ಕೇಳಿ ಮಗು ಹೆದರಿತು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅಳತೊಡಗಿತು. ಅಳುವೂ ಅದೇ ದನಿಯಲ್ಲಿ.

ತಾಯಿ ಅದರ ಬೆನ್ನು ಸವರಿದಳು, ತಲೆ ಸವರಿದಳು. ಏನಿಲ್ಲ ಕಂದ, ನಾನಿದ್ದೀನಿ ಎಂದು ಹೇಳಬೇಕಿತ್ತು. ಹಾಗೆ ಹೇಳಬೇಕಾದ ದನಿ ಅವಳ ಮಡಿಲಲ್ಲೇ ಬಿಕ್ಕಿ ಬಿಕ್ಕಿ ಅಳುತ್ತಿತ್ತು.